ಒಂದೇ ಬಿಲ್ಡ್ ಸಾಲದೇ?

ತಮ್ಮ ಕಂಪ್ಯೂಟರಿನಲ್ಲಿ ನಿರಾತಂಕವಾಗಿ ನಡೆಯುತ್ತಿದ್ದ ವೆಬ್ ಅಪ್ಲಿಕೇಶನ್ನು ಕ್ಲೌಡಿಗೆ, ಎಂದರೆ ದೂರದ ಬಾಡಿಗೆಯ ಕಂಪ್ಯೂಟರಿಗೆ, ಏರಿದೊಡನೆ ಮೂಕವಾಗುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಬಲ್ಲರು. ಇದರ ಕಾರಣವು ಎಷ್ಟೋ ವೇಳೆ ಬಿಲ್ಡ್ ಎಂಬ ಕ್ರಿಯೆಯಲ್ಲಿ ಅಡಗಿರುತ್ತದೆ.

ನಾವು ಬರೆದ ಹತ್ತಾರು ಕಡತಗಳನ್ನು ಬ್ರೌಸರು ಬೇಗನೆ ಓದಬಲ್ಲ ಕೆಲವೇ ಕಡತಗಳಾಗಿ ಅಡಕಗೊಳಿಸುವುದೇ ಬಿಲ್ಡ್. ಸರ್ವರಿನ ವಿಳಾಸವೇ ಮೊದಲಾದ ಸೆಟ್ಟಿಂಗುಗಳನ್ನು ಪ್ರತ್ಯೇಕ ಕಡತದಲ್ಲಿಟ್ಟರೂ, ವೀಟ್‌ನಂತಹ ಉಪಕರಣಗಳು ಬಿಲ್ಡ್ ಮಾಡುವಾಗಲೇ ಅವುಗಳನ್ನು ಅಪ್ಲಿಕೇಶನ್ನಿನೊಳಗೆ ಅಚ್ಚೊತ್ತಿಬಿಡುತ್ತವೆ. ಆ ವಿಳಾಸವು 'ಲೋಕಲ್‌ಹೋಸ್ಟ್' ಎಂದಿತ್ತೆನ್ನೋಣ. ಈ ಹೆಸರಿಗೆ 'ಇದೇ ಯಂತ್ರ' ಎಂದಷ್ಟೇ ಅರ್ಥ. ಅಪ್ಲಿಕೇಶನ್ನು ಬೇರೊಬ್ಬರ ಫೋನನ್ನು ಸೇರಿದಾಗ ಸರ್ವರನ್ನು ಆ ಫೋನಿನಲ್ಲಿಯೇ ಹುಡುಕತೊಡಗುತ್ತದೆ. ಅಲ್ಲಿ ಅದು ಎಲ್ಲಿಂದ ದೊರೆತೀತು?

ಮನೆಗೊಂದು ಬಿಲ್ಡ್, ಕ್ಲೌಡಿಗೊಂದು ಬಿಲ್ಡ್: ಇದು ಬಹುಜನರು ಹಿಡಿದಿರುವ ದಾರಿ. ಕೆಲಸವೇನೋ ಸಾಗುತ್ತದೆ, ಆದರೂ ನಾವಿದನ್ನು ಒಪ್ಪಲಾರೆವು. ಪರೀಕ್ಷಿಸಿದ್ದು ಒಂದು, ಜನರ ಕೈಸೇರಿದ್ದು ಇನ್ನೊಂದು ಎಂದಮೇಲೆ ಪರೀಕ್ಷೆಗೆ ಬೆಲೆಯೇನು? ಎರಡನೆಯ ಬಿಲ್ಡ್‌ನ ವೇಳೆಗೆ ಯಾವುದೋ ಲೈಬ್ರರಿಯ ಆವೃತ್ತಿಯೂ ಬದಲಾಗಿರಬಹುದು.

ಹೆರೋಕು ಸಂಸ್ಥೆಯವರ ಅನುಭವದಿಂದ 2011ರ ಸುಮಾರಿಗೆ ಮೂಡಿದ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಎಂಬ ಸೂತ್ರಾವಳಿಯು ಸೆಟ್ಟಿಂಗುಗಳನ್ನು ಪ್ರೋಗ್ರಾಮಿನಿಂದ ಹೊರಗಿಡಬೇಕೆಂದು ವಿಧಿಸಿತು. ಸರ್ವರಿನ ಮಟ್ಟಿಗೆ ಇದು ಸುಲಭಸಾಧ್ಯ. ಅದು ಪ್ರಾರಂಭವಾಗುವಾಗ ತಾನಿರುವ ಯಂತ್ರವನ್ನೇ ಕೇಳಿ ತಿಳಿದುಕೊಳ್ಳುತ್ತದೆ. ಬ್ರೌಸರಿಗೆ ಆ ಅನುಕೂಲವಿಲ್ಲ. ಆದುದರಿಂದ ಅಪ್ಲಿಕೇಶನ್ನು ತೆರೆದೊಡನೆ ತಾನು ಬಂದ ಸರ್ವರಿನಿಂದಲೇ ಚಿಕ್ಕದೊಂದು ಸೆಟ್ಟಿಂಗು ಕಡತವನ್ನು ತರಿಸಿಕೊಳ್ಳುವಂತೆ ಏರ್ಪಡಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಆಗ ಬಿಲ್ಡ್ ಒಂದೇ ಆಗಿರುತ್ತದೆ, ಆ ಕಡತ ಮಾತ್ರ ಸ್ಥಳಕ್ಕೊಂದು. ಇದರಿಂದ ಆರಂಭದಲ್ಲಿ ತುಸು ವಿಳಂಬವಾಗುವುದೆಂಬ ಆಕ್ಷೇಪವು ನಿಜವೇ. ಆ ವಿಳಂಬವನ್ನು ಸಹಿಸಿಕೊಳ್ಳಬಹುದು. ಪ್ರೋಗ್ರಾಮನ್ನು ಇನ್ನೂ ಬರೆಯುತ್ತಿರುವಾಗ ಬಿಲ್ಡ್‌ನ ಗೊಡವೆಯಿಲ್ಲದೆ ನಡೆಸಿ ನೋಡುವುದಕ್ಕೆ ನಮ್ಮ ವಿರೋಧವಿಲ್ಲ.

ಗುಟ್ಟಿನ ಕೀಲಿಗಳ ಮಾತು ಬೇರೆ. ಅವು ಬಿಲ್ಡ್‌ನಲ್ಲಿಯೂ ಇರಕೂಡದು, ಈ ಕಡತದಲ್ಲಿಯೂ ಇರಕೂಡದು. ಬ್ರೌಸರಿಗೆ ಹೋದುದನ್ನು ಯಾರು ಬೇಕಾದರೂ ತೆರೆದು ಓದಬಹುದು. ಕ್ಲೌಡಿನ ಕೀಲಿಯು ಕೈತಪ್ಪಿದರೆ ಅನ್ಯರ ಬಳಕೆಯ ಬಿಲ್ಲು ವಿದ್ಯಾರ್ಥಿಯ ತಲೆಗೆ ಬರುತ್ತದೆ. ಕೀಲಿಯನ್ನು ಗಿಟ್‌ಹಬ್ಬಿನಲ್ಲಿ ಬಹಿರಂಗವಾಗಿಟ್ಟು ಮರುದಿನ ಅಳಿಸಿದರೂ ಅದು ಹಳೆಯ ಆವೃತ್ತಿಗಳಲ್ಲಿ ಉಳಿದೇ ಇರುತ್ತದೆ. ಅಂತಹ ಕೀಲಿಯನ್ನು ಕೂಡಲೇ ರದ್ದುಪಡಿಸಿ ಹೊಸದನ್ನು ಪಡೆಯತಕ್ಕದ್ದು.