ಅರಭಾವಿ ಎಲ್ಲಿಗೂ ಹೋಗಿಲ್ಲ

ಬೇರಿನೊಳಗೆ ಬಾಳುವ ಮೈಕೊರೈಜಾ ಶಿಲೀಂಧ್ರಗಳನ್ನು ವಿಂಗಡಿಸಲು ಆಕಾರವೂ ಬೇಕು, ಡಿಎನ್‌ಎಯೂ ಬೇಕು. ಇಷ್ಟು ಸರಳ ಮಾತಿಗೆ ನಾಲ್ಕು ದಿಕ್ಕಿನಿಂದ ತಕರಾರು. ತಕರಾರುಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂಬುದನ್ನು ಎತ್ತಿದವರು ಗಮನಿಸಿದಂತಿಲ್ಲ. ಓದುಗರು ಗಮನಿಸಲಿ.

ಸೂಕ್ಷ್ಮದರ್ಶಕವೊಂದೇ ಸಾಕು ಎಂಬುದು ಹಳಬರ ವಾದ. ಹುಕ್ಕೇರಿಯ ಕಬ್ಬಿನ ಹೊಲದ ಮಣ್ಣನ್ನು ನೀರಲ್ಲಿ ಕದಡಿ ಜರಡಿ ಹಿಡಿಯಿರಿ, ಬೀಜಕದ ಬಣ್ಣ, ಗಾತ್ರ, ಗೋಡೆಯ ಪದರ, ತೊಟ್ಟು ನೋಡಿರಿ, ಮುಗಿಯಿತು ಎನ್ನುತ್ತಾರೆ. ಜರಡಿಯ ಈ ಕ್ರಮವನ್ನು ಗೆರ್ಡೆಮನ್ ಮತ್ತು ನಿಕಲ್ಸನ್ 1963ರಲ್ಲೇ ಕೊಟ್ಟರು, ನಾವೂ ಅದನ್ನೇ ಹಿಡಿದಿದ್ದೇವೆ. ಆದರೆ ಇದೇ ಕಣ್ಣು ಗ್ಲೋಮಸ್ ಲೆಪ್ಟೋಟೈಕಮ್, ಅಕಾಲೊಸ್ಪೋರಾ ಗೆರ್ಡೆಮನ್ನಿ ಎಂದು ಎರಡು ಕುಲಗಳಲ್ಲಿ ಎರಡು ಜೀವಿಗಳನ್ನು ಕೂರಿಸಿತ್ತು. ಎರಡೂ ಒಂದೇ, ಅದು ಎರಡು ಬಗೆಯ ಬೀಜಕ ಹೆರುತ್ತದೆ ಎಂದು 1997ರಲ್ಲಿ ತಿಳಿಯಿತು. ಈಗ ಅದರ ಹೆಸರು ಅಂಬಿಸ್ಪೋರಾ. ಬಾಗಿಲು ಎಣಿಸಿ ಮನೆ ಲೆಕ್ಕ ಹಾಕಿದವರಿಗೆ ಒಂದೇ ಮನೆಗೆ ಹಿತ್ತಿಲ ಬಾಗಿಲೂ ಇರುತ್ತದೆಂದು ಹೊಳೆದಿರಲಿಲ್ಲ. ತಪ್ಪು ಇನ್ನೊಂದು ದಿಕ್ಕಿಗೂ ಆಗಿದೆ: ಪ್ಯಾರಾಗ್ಲೋಮಸ್‌ನ ಬೀಜಕ ನೋಡಲು ಗ್ಲೋಮಸ್‌ನಂತೆಯೇ ಇದೆ, ಆದರೆ ವಂಶದಲ್ಲಿ ಬಲು ದೂರ. 2001ರಲ್ಲಿ ಅದನ್ನು ಬೇರೆ ಕುಟುಂಬಕ್ಕೇ ಸೇರಿಸಬೇಕಾಯಿತು.

ಹಾಗಾದರೆ ಡಿಎನ್‌ಎ ಒಂದೇ ಸಾಕು, ಕನ್ನಡಕ ಕಳಚಿಡಿ ಎಂಬುದು ಹೊಸಬರ ವಾದ. ಇವರಿಗೊಂದು ಪ್ರಶ್ನೆ: ದತ್ತಾಂಶ ಭಂಡಾರದ ಅನುಕ್ರಮಕ್ಕೆ ಹೆಸರು ಅಂಟಿಸಿದ್ದು ಯಾರು? ಯಾವಾಗಲೋ ಬೀಜಕ ನೋಡಿದ ಒಬ್ಬ ಮನುಷ್ಯ. ಕೆನಡಾದ ಡಿಎಒಎಂ 197198 ಎಂಬ ತಳಿಯನ್ನು ಜಗತ್ತಿನ ಪ್ರಯೋಗಾಲಯಗಳೆಲ್ಲ ಗ್ಲೋಮಸ್ ಇಂಟ್ರಾರಾಡಿಸಸ್ ಎಂದೇ ಬೆಳೆಸಿದವು, ಅನುಕ್ರಮಗಳೂ ಅದೇ ಹೆಸರಿನಲ್ಲಿ ಭಂಡಾರ ಸೇರಿದವು. ಇಂಟ್ರಾರಾಡಿಸಸ್‌ನ ಮೂಲ ವಿವರಣೆ 1982ರದು, ಫ್ಲೋರಿಡಾದ್ದು. ಆ ಮೂಲದ ತಳಿಯ ಪಕ್ಕದಲ್ಲಿಟ್ಟು ನೋಡಿದ ಮೇಲೆ, 2009ರಲ್ಲಿ, ಕೆನಡಾದ್ದು ಬೇರೆಯೇ ಎಂದು ಬಯಲಾಯಿತು. ಹೌದು, ಬಯಲು ಮಾಡಿದ್ದು ಡಿಎನ್‌ಎಯೇ. ಆದರೆ ಹೆಸರು ಯಾರಿಗೆ ಸಲ್ಲಬೇಕೆಂದು ಹೇಳಿದ್ದು ಮೂಲ ಮಾದರಿ. ಇನ್ನು, ಒಂದೇ ಬೀಜಕದೊಳಗೆ ರೈಬೋಸೋಮ್ ವಂಶವಾಹಿಯ ಹಲವು ರೂಪಗಳು ಸಿಗುತ್ತವೆ. ರೂಪಕ್ಕೊಂದು ಜಾತಿ ಎನ್ನುತ್ತೀರಾದರೆ, ಸಾಸಿವೆಗಿಂತ ಸಣ್ಣ ಬೀಜಕದೊಳಗೆ ಗೋಕಾಕದ ಜಾತ್ರೆಯೇ ನೆರೆದಿದೆ ಎಂದೂ ಒಪ್ಪಬೇಕಾಗುತ್ತದೆ.

ಹೆಸರು ಪದೇ ಪದೇ ಬದಲಾಗುವ ಶಾಸ್ತ್ರ ಪೊಳ್ಳಂತೆ. 2010ರಲ್ಲಿ ಗ್ಲೋಮಸ್ ಮಾಸಿಯೇ ಫನ್ನೆಲಿಫಾರ್ಮಿಸ್ ಆಯಿತು, ಫ್ಯಾಸಿಕ್ಯುಲೇಟಮ್ ರೈಜೊಫೇಗಸ್‌ಗೆ ಹೋಯಿತು. ನಾಲಿಗೆ ತೊಡರುತ್ತದೆ, ನಿಜ. ಅರಭಾವಿಯ ತೋಟಗಾರಿಕೆ ಕಾಲೇಜಿನ ವಿಳಾಸದಲ್ಲೂ ಗೋಕಾಕ ತಾಲ್ಲೂಕು ಹೋಗಿ ಮೂಡಲಗಿ ತಾಲ್ಲೂಕು ಬಂದಿದೆ. ಕಾಲೇಜಿನ ಕಟ್ಟಡ ರಾತ್ರೋರಾತ್ರಿ ಎದ್ದು ನಡೆಯಿತೆಂದು ಯಾರೂ ಗಾಬರಿಯಾಗಲಿಲ್ಲ. ಶಿಲೀಂಧ್ರದ ವಿಷಯದಲ್ಲಂತೂ ಹೆಸರು ಬದಲಾದದ್ದು ಆಡಳಿತದ ಅನುಕೂಲಕ್ಕಲ್ಲ, ಪುರಾವೆ ಸಿಕ್ಕಿದ್ದಕ್ಕೆ. ತಪ್ಪೆಂದು ಗೊತ್ತಾದ ಮೇಲೂ ಹಳೆಯ ಹೆಸರನ್ನೇ ಉಳಿಸಿದ್ದರೆ ಇವರೇ ಬಂದು ಮೊಂಡುತನ ಎನ್ನುತ್ತಿದ್ದರು.

ಕೊನೆಯದು, ರೈತನಿಗೆ ಇದೆಲ್ಲ ಯಾಕೆ ಎಂಬ ಕರುಣೆಯ ಮಾತು. ವಿಚಿತ್ರವೆಂದರೆ, ಜೈವಿಕ ಗೊಬ್ಬರದ ಪೊಟ್ಟಣದ ಮೇಲೆ ಲ್ಯಾಟಿನ್ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವವರ ಬಾಯಲ್ಲೂ ಇದೇ ಮಾತು. ಹೆಸರು ಬೇಡವಾದರೆ ಅಚ್ಚೇಕೆ? ಬೇಕಾದರೆ ಪರೀಕ್ಷೆ ಏಕೆ ಬೇಡ? ಘಟಪ್ರಭಾ ಕಾಲುವೆಯ ಕೆಳಗೆ ಗೋವಿನಜೋಳಕ್ಕೆ ಪುಡಿ ಹಾಕಿದ ರೈತನಿಗೆ ಫಲ ಕಾಣಲಿಲ್ಲ ಎನ್ನಿ. ಡಿಎಪಿ ಹೆಚ್ಚಾಗಿ ಬೇರು ಶಿಲೀಂಧ್ರವನ್ನು ದೂರವಿಟ್ಟಿತೇ, ಬೀಜಕಗಳು ಸತ್ತಿದ್ದವೇ, ಅಥವಾ ಪೊಟ್ಟಣದಲ್ಲಿದ್ದದ್ದು ಮೇಲೆ ಬರೆದ ಶಿಲೀಂಧ್ರವೇ ಅಲ್ಲವೇ? ಮೊದಲೆರಡಕ್ಕೆ ಮಾರಾಟಗಾರರ ಬಳಿ ಉತ್ತರ ಸಿದ್ಧವಿರುತ್ತದೆ: ತಪ್ಪು ಗೊಬ್ಬರದ್ದು, ತಪ್ಪು ಬಿಸಿಲಿನದು. ಮೂರನೆಯದನ್ನು ಕೇಳಿದಾಗ ಮಾತ್ರ ರೈತನಿಗೆ ಇದೆಲ್ಲ ಯಾಕೆ ಎಂಬ ಕರುಣೆ ಉಕ್ಕುತ್ತದೆ.