ಪೋರ್ಟ್ ಮುಚ್ಚಿ, ಆದರೆ ಹೇಳಿ ಮುಚ್ಚಿ

ಇಂಟರ್‌ನೆಟ್ ಕಂಪನಿ ಗ್ರಾಹಕನ ಸಂಪರ್ಕದಲ್ಲಿ ಕೆಲವು ಪೋರ್ಟ್‌ಗಳನ್ನು, ಅಂದರೆ ಬೇರೆಬೇರೆ ಸೇವೆಗಳ ಮಾಹಿತಿ ಬಂದುಹೋಗುವ ಸಂಖ್ಯೆಯ ದ್ವಾರಗಳನ್ನು, ಮುಚ್ಚುವುದು ಸರಿಯೇ? ದುಡ್ಡು ಕೊಟ್ಟ ಸಂಪರ್ಕ ಪೂರ್ತಿ ತೆರೆದಿರಬೇಕು ಎಂಬ ವಾದ ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. 25ನೇ ಪೋರ್ಟ್‌ನ ಚರಿತ್ರೆಯ ಮುಂದೆ ಮಾತ್ರ ಅದು ನಿಲ್ಲುವುದಿಲ್ಲ. ಮೇಲ್ ಸರ್ವರ್‌ಗಳು ತಮ್ಮತಮ್ಮಲ್ಲಿ ಇಮೇಲ್ ಸಾಗಿಸುವುದು ಈ ಪೋರ್ಟ್ ಮೂಲಕ. ವೈರಸ್ ಹೊಕ್ಕ ಮನೆಯ ಕಂಪ್ಯೂಟರ್ ಕೂಡ ಸರ್ವರ್‌ನಂತೆ ವರ್ತಿಸಿ, ಮಾಲೀಕನಿಗೆ ಸುಳಿವೇ ಸಿಗದಂತೆ ಸಾವಿರಾರು ಸ್ಪ್ಯಾಮ್ ಕಳಿಸಬಲ್ಲದು. 2009ರ ಸುಮಾರಿಗೆ ಬ್ರೆಜಿಲ್ ಸ್ಪ್ಯಾಮ್ ಹೊರಡುವ ದೇಶಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿತ್ತು. ಅಲ್ಲಿನ ಕಂಪನಿಗಳು ಒಪ್ಪಂದ ಮಾಡಿಕೊಂಡು ಮನೆ ಸಂಪರ್ಕಗಳಲ್ಲಿ ಈ ಪೋರ್ಟ್ ಮುಚ್ಚಿದ ಮೇಲೆ, 2013ರ ಹೊತ್ತಿಗೆ ಅದು ಮೊದಲ ಹತ್ತರಿಂದಲೇ ಹೊರಬಿತ್ತು. ಸಾಮಾನ್ಯ ಬಳಕೆದಾರರಿಗೆ ಇದರಿಂದ ಆದ ನಷ್ಟ ಅಲ್ಪ. ಅವರು ಮೇಲ್ ಕಳಿಸಲೆಂದೇ 587ನೇ ಪೋರ್ಟ್ 1998ರಲ್ಲೇ ನಿಗದಿಯಾಗಿತ್ತು.

ತನ್ನ ಯಂತ್ರದ ರಕ್ಷಣೆ ಬಳಕೆದಾರನ ಹೊಣೆ, ಕಂಪನಿಗೇಕೆ ಆ ಉಸಾಬರಿ ಎನ್ನುವವರಿದ್ದಾರೆ. ಆ ಹೊಣೆಯನ್ನು ಎಲ್ಲರೂ ಹೊರುವುದಿಲ್ಲ ಎಂಬುದಕ್ಕೆ ಉದಾಹರಣೆಗಳಿವೆ. 2003ರ ಜನವರಿ 25ರಂದು ತಾನಾಗಿಯೇ ಹರಡುವ ಸ್ಲ್ಯಾಮರ್ ಎಂಬ ವರ್ಮ್ 1434ನೇ ಪೋರ್ಟ್ ಹಿಡಿದು ಹೊರಟಿತು. ಅದರ ಗಾತ್ರ ಬರೇ 376 ಬೈಟ್. ಅದಕ್ಕೆ ಗುರಿಯಾಗಬಹುದಾಗಿದ್ದ ಸರ್ವರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸುಮಾರು ಹತ್ತು ನಿಮಿಷದಲ್ಲಿ ಅದರ ವಶವಾದವು. ಅದನ್ನು ತಡೆಯಬಲ್ಲ ಪ್ಯಾಚನ್ನು, ಅಂದರೆ ದೋಷ ಸರಿಪಡಿಸುವ ತಂತ್ರಾಂಶವನ್ನು, ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ಕೊಟ್ಟಿತ್ತು. 2017ರ ಮೇ ತಿಂಗಳಲ್ಲಿ 445ನೇ ಪೋರ್ಟ್ ಮೂಲಕ ಹರಡಿದ ವಾನಾಕ್ರೈ ಎಂಬ ವರ್ಮ್‌ಗೂ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಲಕ್ಷಾಂತರ, ತೊಂದರೆ ಪಟ್ಟವರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳ ರೋಗಿಗಳೂ ಇದ್ದರು. ಒಬ್ಬನ ಅಲಕ್ಷ್ಯ ಹೀಗೆ ಊರಿಗೇ ಹಬ್ಬುವಾಗ ನಡುವೆ ತಡೆಯಬಲ್ಲವರು ತಡೆಯಲೇಬೇಕು. ಕಚೇರಿಯ ಒಳಗಿನ ನೆಟ್‌ವರ್ಕ್‌ನಲ್ಲಿ ಹರಡುವುದನ್ನು ಈ ತಡೆ ನಿಲ್ಲಿಸದು ಎಂಬುದು ನಿಜ. ಹಾಗೆಂದು ಹೊರಗಿನ ದಾಳಿಗೆ ದಾರಿ ಬಿಡಬೇಕಿಲ್ಲ.

ನನ್ನ ತಕರಾರು ಇರುವುದು ಗುಟ್ಟಾಗಿ ಮುಚ್ಚುವುದರ ಬಗ್ಗೆ. ಅಮೆರಿಕದ ಮ್ಯಾಡಿಸನ್ ರಿವರ್ ಎಂಬ ಟೆಲಿಫೋನ್ ಕಂಪನಿ ಇಂಟರ್‌ನೆಟ್ ಕರೆಗಳಿಗೆ ಬೇಕಾದ ಪೋರ್ಟ್‌ಗಳನ್ನು ತಡೆದ ದೂರು ಎದುರಿಸಿ, 2005ರಲ್ಲಿ 15,000 ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಅಲ್ಲಿ ವೈರಸ್ಸಿನ ಪ್ರಶ್ನೆಯೇ ಇರಲಿಲ್ಲ, ಆ ಕರೆಗಳು ಅದರ ಫೋನ್ ವ್ಯಾಪಾರಕ್ಕೆ ಪೈಪೋಟಿಯಾಗಿದ್ದವು. ಸ್ಪ್ಯಾಮ್ ತಡೆಯುವ ಉಪಕರಣವೇ ಪೈಪೋಟಿಯನ್ನೂ ತಡೆಯಬಲ್ಲದು. ಯಾವ ಉದ್ದೇಶಕ್ಕೆ ಬಳಕೆಯಾಗಿದೆ ಎಂದು ಗ್ರಾಹಕನಿಗೆ ಗೊತ್ತಾಗುವುದು ಕಂಪನಿ ಕಾರಣ ಸಮೇತ ಪಟ್ಟಿ ಕೊಟ್ಟರೆ ಮಾತ್ರ. ಪಟ್ಟಿ ಪ್ರಕಟಿಸಿದರೆ ದಾಳಿಕೋರರಿಗೆ ಅನುಕೂಲ ಎಂಬ ಸಬೂಬು ಟೊಳ್ಳು. ಯಾವ ಪೋರ್ಟ್ ಮುಚ್ಚಿದೆ ಎಂದು ಅವರು ಕ್ಷಣದಲ್ಲಿ ಪರೀಕ್ಷಿಸಿಕೊಳ್ಳುತ್ತಾರೆ, ತಿಳಿಯದೆ ಪರದಾಡುವವನು ಸ್ವಂತ ಸರ್ವರ್ ನಡೆಸಲು ಹೊರಟ ವಿದ್ಯಾರ್ಥಿ ಅಥವಾ ಸಣ್ಣ ಉದ್ಯಮಿ. ಊರಿನ ಕೇಬಲ್ ಆಪರೇಟರನಿಗೂ ಒಂದು ಪುಟದ ಪಟ್ಟಿ ಹೊರೆಯಲ್ಲ.

ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್‌ನೆಟ್‌ನಲ್ಲಿ ತಾರತಮ್ಯವಿಲ್ಲದ ಸೇವೆ, ಕುರಿತ 2017ರ ಶಿಫಾರಸಿನಲ್ಲಿ ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಇಂಟರ್‌ನೆಟ್ ಸಂಚಾರ ನಿರ್ವಹಣೆ ಪಾರದರ್ಶಕವಾಗಿರಬೇಕು ಎಂದಿತ್ತು. ಮರುವರ್ಷ ಸರಕಾರ ಅದನ್ನು ಒಪ್ಪಿತು. ಮುಚ್ಚಿದ ಪೋರ್ಟ್‌ಗಳ ಪಟ್ಟಿಯನ್ನು ಪ್ರತಿ ಕಂಪನಿಯೂ ಪ್ರಕಟಿಸಬೇಕು, ಹೊಣೆ ಹೊತ್ತು ಕೇಳಿದ ಗ್ರಾಹಕನಿಗೆ ಬೇಕಾದ ಪೋರ್ಟ್ ತೆರೆದುಕೊಡಬೇಕು ಎಂದು ಟ್ರಾಯ್ ಈಗ ಸ್ಪಷ್ಟವಾಗಿ ಆದೇಶಿಸಲಿ.