ನೌಕರಿಯೋ, ಶಿಷ್ಯವೃತ್ತಿಯೋ?

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರಿಂದಲೇ ಮುಂಬಯಿಯ ಕನ್ನಡಿಗರ ಒಂದು ದೊಡ್ಡ ವರ್ಗವು ಗುಮಾಸ್ತರ ಮೇಜಿಗೆ ಏರಿತೆಂಬುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆ ಗುಮಾಸ್ತರ ಮಕ್ಕಳು ಈಗ ಇನ್ನೊಂದು ಮೆಟ್ಟಲನ್ನು ಹತ್ತಿದ್ದಾರೆ. ಭಾಂಡುಪಿನ ಚಾಳುಗಳಲ್ಲಿ ಹುಟ್ಟಿ ಬೆಳೆದವರು ಪಿಎಚ್.ಡಿ. ಪದವಿ ಪಡೆದು, ಕಾಂಜೂರುಮಾರ್ಗದ ಆಚೆಗಿರುವ ಪೊವಾಯಿಯ ಐ.ಐ.ಟಿ.ಗೋ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೋ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೋ ಸಂಶೋಧಕರಾಗಿ ಹೋಗುವ ಕಾಲ ಬಂದಿದೆ. ಇದು ನಮಗೆಲ್ಲರಿಗೂ ಹೆಮ್ಮೆಯ ಸಂಗತಿ. ಆದರೆ ಹೆಮ್ಮೆಯ ಜೊತೆಯಲ್ಲಿಯೇ ಒಂದು ಗೊಂದಲವೂ ಮನೆಯೊಳಗೆ ಕಾಲಿಟ್ಟಿದೆ.

ಕೆಲವು ದಿನಗಳ ಹಿಂದೆ ಭಾಂಡುಪಿನ ಓದುಗರೊಬ್ಬರು ತಮ್ಮ ಮಗಳಿಗೆ ಬಂದ ನೇಮಕ ಪತ್ರವನ್ನು ಹಿಡಿದುಕೊಂಡು ನಮ್ಮ ಕಛೇರಿಗೆ ಬಂದಿದ್ದರು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮೂವತ್ತು ವರ್ಷ ಲೆಕ್ಕದ ಪುಸ್ತಕ ಬರೆದು ನಿವೃತ್ತರಾದವರು, ಕಾಗದವನ್ನು ಎರಡೆರಡು ಸಲ ಓದಿಯೂ ತಿಳಿಯದೆ, "ಸಂಪಾದಕರೇ, ಇದು ನೌಕರಿಯೋ, ಶಿಷ್ಯವೃತ್ತಿಯೋ? ಸಂಬಂಧ ಕೇಳಿಕೊಂಡು ಬಂದವರು ಹುಡುಗಿಯ ಕೆಲಸ ಪರ್ಮನೆಂಟೇ ಎಂದು ವಿಚಾರಿಸುತ್ತಾರೆ, ನಾನೇನು ಹೇಳಲಿ?" ಎಂದು ಕೇಳಿದರು. ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೆ ನಿಂತಿತು. ಆದರೆ ಗಲ್ಲಾದ ಹಿಂದೆ ಕುಳಿತು ಹಲವು ವರ್ಷ ಹಾಜರಿ ಪುಸ್ತಕವನ್ನೂ ಪಗಾರದ ಪುಸ್ತಕವನ್ನೂ ನೋಡಿದವರು ನಾವು. ಕಾಗದ ಎಲ್ಲಿ ಮಾತಾಡುತ್ತದೆ, ಎಲ್ಲಿ ಬಾಯಿ ಮುಚ್ಚುತ್ತದೆ ಎಂಬುದನ್ನು ಗುರುತಿಸಬಲ್ಲೆವು. ಆ ಕಾಗದದಲ್ಲಿ ಕೆಲಸದ ವಿಷಯ ಒಂದು ಪುಟವಿತ್ತು. ರಜೆಯ ವಿಷಯ ಒಂದು ಸಾಲು. ಅವಧಿ ಮುಗಿದ ಮೇಲಿನ ವಿಷಯ ಇರಲೇ ಇಲ್ಲ.

ಪಿಎಚ್.ಡಿ. ಮುಗಿದ ಮೇಲೆ, ಪ್ರಾಧ್ಯಾಪಕರ ಹುದ್ದೆ ದೊರೆಯುವ ಮೊದಲು, ಇನ್ನೊಬ್ಬ ಹಿರಿಯ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಕೆಲವು ವರ್ಷ ಸಂಶೋಧನೆ ನಡೆಸುವವರನ್ನು ಪೋಸ್ಟ್ ಡಾಕ್ಟೋರಲ್ ಫೆಲೋ ಅಥವಾ ರಿಸರ್ಚ್ ಅಸೋಸಿಯೇಟ್ ಎಂದು ಕರೆಯುತ್ತಾರೆ. ಇವರು ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಲ್ಲ. ಪ್ರಯೋಗ ನಡೆಸುವುದು, ಕಿರಿಯರಿಗೆ ಕೈಹಿಡಿದು ಕಲಿಸುವುದು, ಯಂತ್ರ ಕೆಟ್ಟರೆ ರಾತ್ರಿ ಹನ್ನೊಂದಕ್ಕೂ ನಿಂತು ಸರಿಪಡಿಸುವುದು ಇವರ ಪಾಲಿಗೆ. ಹೋಟೆಲಿನ ಭಾಷೆಯಲ್ಲಿ ಹೇಳುವುದಾದರೆ ಇವರು ಅಡಿಗೆಮನೆಯ ಭಟ್ಟರು. ಬೋರ್ಡಿನ ಮೇಲೆ ಹೆಸರು ಮಾತ್ರ ಬೇರೆಯವರದು.

ಇವರ ಮಾಸಿಕ ದರವನ್ನು ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಆಗಾಗ ಹೊರಡಿಸುವ ಜ್ಞಾಪನ ಪತ್ರಗಳು ನಿರ್ಧರಿಸುತ್ತವೆ. 2010ರಲ್ಲಿ ರಿಸರ್ಚ್ ಅಸೋಸಿಯೇಟರಿಗೆ ಶ್ರೇಣಿಗನುಸಾರ 22,000ದಿಂದ 24,000 ರೂಪಾಯಿ ಇತ್ತು. 2014ರ ಅಕ್ಟೋಬರಿನಿಂದ ಅದು 36,000ದಿಂದ 40,000ಕ್ಕೆ ಏರಿತು. 2019ರ ಜನವರಿಯಿಂದ 47,000, 49,000, 54,000. 2023ರ ಜೂನಿನಲ್ಲಿ ಹೊರಟ ಪತ್ರವು ಆ ವರ್ಷದ ಜನವರಿಯಿಂದ ಅನ್ವಯವಾಗುವಂತೆ 58,000, 61,000 ಮತ್ತು 67,000 ಎಂದು ಗೊತ್ತುಪಡಿಸಿತು. ಅಂಕೆಗಳನ್ನು ನೋಡಿ ಕೆಲವರು ಹುಬ್ಬೇರಿಸಬಹುದು. ಐವತ್ತೆಂಟು ಸಾವಿರ ಯಾವ ಸಪ್ಲಯರನಿಗೆ ಸಿಗುತ್ತದೆ ಎಂದು ಕೇಳುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಇಪ್ಪತ್ತೆಂಟು ಮೂವತ್ತು ವಯಸ್ಸಿನವರೆಗೆ ಸಂಪಾದನೆಯನ್ನು ಮುಂದೂಡಿ ಕಲಿತವರ ದರವಿದು ಎಂಬುದನ್ನೂ, ಈ ಏರಿಕೆಗಳ ನಡುವೆ ನಾಲ್ಕು ವರ್ಷ, ನಾಲ್ಕೂವರೆ ವರ್ಷಗಳ ಅಂತರವಿದೆ ಎಂಬುದನ್ನೂ ಮರೆಯಲಾಗದು.

ಗುಮಾಸ್ತ ಬಾಂಧವರಿಗೆ ಇಲ್ಲಿಯ ಗುಟ್ಟು ಕೂಡಲೇ ಹೊಳೆಯುತ್ತದೆ. ಈ ದರಕ್ಕೆ ತುಟ್ಟಿಭತ್ತೆ ಇಲ್ಲ! ಕಾಯಂ ನೌಕರನಿಗೆ ವರ್ಷಕ್ಕೆ ಎರಡಾವರ್ತಿ ಬೆಲೆಸೂಚಿಯನ್ನು ನೋಡಿ ಭತ್ತೆ ಏರುತ್ತದೆ. ಫೆಲೋ ಮಾತ್ರ ಮುಂದಿನ ಜ್ಞಾಪನ ಪತ್ರದ ತನಕ ಕಾಯಬೇಕು. ಲೆಕ್ಕವನ್ನೇ ಹಾಕಿ ನೋಡೋಣ. ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕನ ಮೂಲ ವೇತನ ಏಳನೆಯ ವೇತನ ಶ್ರೇಣಿಯಲ್ಲಿ 57,700 ರೂಪಾಯಿ. ಫೆಲೋನ 58,000ಕ್ಕಿಂತ ಅದು ಮುನ್ನೂರು ಕಡಿಮೆಯೇ. ಆದರೆ 2024ರ ಜನವರಿಯಲ್ಲಿ ಕೇಂದ್ರದ ತುಟ್ಟಿಭತ್ತೆ ಮೂಲ ವೇತನದ ಅರ್ಧವನ್ನು ಮುಟ್ಟಿದಾಗ ಪ್ರಾಧ್ಯಾಪಕನ ಪಾಲು 86,550 ಆಯಿತು. ಫೆಲೋ 58,000ದಲ್ಲೇ ನಿಂತನು. ತಿಂಗಳಿಗೆ 28,550 ರೂಪಾಯಿಗಳ ಅಂತರ. ಮುಂಬಯಿಯಂಥ ನಗರಕ್ಕೆ ಶೇಕಡಾ 30ರ ಮನೆಬಾಡಿಗೆ ಭತ್ತೆ ರಿಸರ್ಚ್ ಅಸೋಸಿಯೇಟನಿಗೂ ಉಂಟು, ಹಾಸ್ಟೆಲಿನಲ್ಲಿರುವವರಿಗೆ ಅದಿಲ್ಲ. ಬೋನಸ್ಸೂ ಇಲ್ಲ, ಊರಿಗೆ ಹೋಗುವ ಪ್ರಯಾಣದ ರಿಯಾಯಿತಿಯೂ ಇಲ್ಲ. ಹಾಲು, ಗ್ಯಾಸು, ಲೋಕಲಿನ ಪಾಸು ಇವು ಮಾತ್ರ ಪ್ರಾಧ್ಯಾಪಕನಿಗೂ ಫೆಲೋನಿಗೂ ಒಂದೇ ದರದಲ್ಲಿ ಸಿಗುತ್ತವೆ.

ಈ ಏರಿಕೆಗಳಾದರೂ ತಾವಾಗಿ ಬಂದವುಗಳಲ್ಲ. 2019ರ ಜನವರಿಯಲ್ಲಿ ಸಂಶೋಧಕರು ದಿಲ್ಲಿಯ ಬೀದಿಗಿಳಿದ ಮೇಲೆಯೇ ಆ ತಿಂಗಳ ಕೊನೆಗೆ ಸರಕಾರ ಹೊಸ ದರವನ್ನು ಪ್ರಕಟಿಸಿತು.

ರಜೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಜ್ಞಾಪನ ಪತ್ರದ ಪ್ರಕಾರ ರಿಸರ್ಚ್ ಅಸೋಸಿಯೇಟರಿಗೆ ಆಯಾ ಸಂಸ್ಥೆಯ ನಿಯಮದಂತೆ ರಜೆ. ಸಂಸ್ಥೆಯ ನಿಯಮ ಏನೆಂದು ಕೇಳಿದರೆ ಮಾರ್ಗದರ್ಶಕರನ್ನು ಕೇಳಿ ಎನ್ನುತ್ತಾರೆ. ಮಾರ್ಗದರ್ಶಕರು ಒಳ್ಳೆಯವರಾದರೆ ಊರಿನ ಜಾತ್ರೆಗೂ ರಜೆ. ಅಲ್ಲದಿದ್ದರೆ ತಾಯಿಯ ಆಪರೇಶನ್ನಿಗೂ ಮುಖ ನೋಡಬೇಕು. ಧಣಿಯ ಮನಸ್ಸು ನೋಡಿ ಊರಿಗೆ ಹೋಗುವ ಕಾಲವನ್ನು ನಮ್ಮ ಹೋಟೆಲ್ ಬಾಂಧವರು ಚೆನ್ನಾಗಿ ಬಲ್ಲರು.

ಹೆರಿಗೆ ರಜೆಯನ್ನು ಈ ಪತ್ರಗಳು ಸ್ಪಷ್ಟವಾಗಿ ಒಪ್ಪಿವೆ. ಇದು ಮೆಚ್ಚತಕ್ಕ ಮಾತು. ಆದರೆ ಎರಡು ವರ್ಷದ ನೇಮಕ ರಜೆಯ ನಡುವೆಯೇ ಮುಗಿದರೆ? ಹೆರಿಗೆ ಸೌಲಭ್ಯದ 1961ರ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ 26 ವಾರಗಳ ರಜೆ ಬಂದಿತು. ದಿಲ್ಲಿಯ ಆಸ್ಪತ್ರೆಯೊಂದರಲ್ಲಿ ಗುತ್ತಿಗೆಯ ಮೇಲಿದ್ದ ವೈದ್ಯೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟಿನಲ್ಲಿ, ಗುತ್ತಿಗೆ ಮುಗಿದರೂ ಆ ಸೌಲಭ್ಯ ಮುಗಿಯುವುದಿಲ್ಲವೆಂದು ತೀರ್ಪಿತ್ತಿತು. ಅದಕ್ಕೂ ಮೊದಲು, 2000ದಲ್ಲಿ, ದಿಲ್ಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆಯ ಹಕ್ಕುಂಟೆಂದು ಅದೇ ನ್ಯಾಯಾಲಯ ಹೇಳಿತ್ತು. ರಸ್ತೆ ಕೆಲಸದ ಹೆಂಗಸಿಗೂ ಗುತ್ತಿಗೆಯ ವೈದ್ಯೆಗೂ ದೊರೆತ ಈ ಹಕ್ಕು ಫೆಲೋ ಎನಿಸಿಕೊಂಡವಳ ಕಾಗದದಲ್ಲಿ ಬಿಡಿಸಿ ಬರೆದಿರಬಾರದೇಕೆ?

ಏಕೆಂದರೆ ಕಾಯಿದೆಯ ನೌಕರ ಎಂಬ ಶಬ್ದದೊಳಗೆ ಫೆಲೋ ಬರುತ್ತಾನೆಯೇ ಎಂಬುದೇ ತಕರಾರಿನ ವಿಷಯ. ನಮ್ಮ ಅಭಿಪ್ರಾಯದಲ್ಲಿ ಎಲ್ಲ ತೊಡಕಿನ ಬೇರು ಇಲ್ಲಿಯೇ ಇದೆ. ಗೌರವದ ಒಂದು ಹೆಸರನ್ನು ಕೊಟ್ಟು ಹಕ್ಕಿನ ಹೆಸರನ್ನು ತಪ್ಪಿಸುವುದು ಹಳೆಯ ಉಪಾಯ. ಮುಂಬಯಿಯ ಗಿರಣಿಗಳಲ್ಲಿ ವರ್ಷಗಟ್ಟಲೆ ದುಡಿದವನೂ ಕಾಗದದಲ್ಲಿ ಬದಲಿಯಾಗಿಯೇ ಉಳಿದನು; ಬದಲಿಗಳನ್ನು ಕಾಯಂ ಮಾಡಿರೆಂಬುದು 1982ರ ಮಹಾ ಮುಷ್ಕರದ ಬೇಡಿಕೆಗಳಲ್ಲಿ ಒಂದಾಗಿತ್ತು. ಕರ್ನಾಟಕದ ಸರಕಾರಿ ಕಾಲೇಜುಗಳಲ್ಲಿ ಹತ್ತಾರು ವರ್ಷ ಪಾಠ ಹೇಳಿದವರ ಹೆಸರು ಅತಿಥಿ ಉಪನ್ಯಾಸಕ. 2022ರ ಜನವರಿಯ ಏರಿಕೆಯ ತನಕ ಪೂರ್ಣ ಅರ್ಹತೆಯುಳ್ಳ ಈ ಅತಿಥಿಗೆ ತಿಂಗಳಿಗೆ 13,000 ರೂಪಾಯಿಯ ಸತ್ಕಾರ ನಡೆಯುತ್ತಿತ್ತು. ಹೋಟೆಲಿನಲ್ಲಿ ನಮ್ಮ ಹುಡುಗರನ್ನು ಮನೆಯವರೆಂದೇ ಕರೆಯುತ್ತಿದ್ದರು. ಮನೆಯವನಿಗೆ ಹಾಜರಿ ಪುಸ್ತಕವೇಕೆ, ವಾರದ ರಜೆಯೇಕೆ? 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಆ ಮನೆಯವನನ್ನು ನೌಕರನೆಂದು ಬರೆಯಿಸಿ, ವಾರದ ರಜೆಯನ್ನೂ ಪಗಾರಸಹಿತ ರಜೆಯನ್ನೂ ಅವನ ಹಕ್ಕೆಂದು ಒಪ್ಪಿತು. ಅದರ ಸ್ಥಾನದಲ್ಲಿ ಬಂದ ಮಹಾರಾಷ್ಟ್ರದ 2017ರ ಕಾಯಿದೆ ವರ್ಷಕ್ಕೆ ಎಂಟು ದಿನಗಳ ಸಾಂದರ್ಭಿಕ ರಜೆಯನ್ನೂ ಸೇರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೌಕರನಿಗೆ ನೇಮಕ ಪತ್ರವನ್ನು ಕಡ್ಡಾಯಗೊಳಿಸಿವೆ. ನಿಶ್ಚಿತ ಅವಧಿಗೆ ನೇಮಕವಾದವನಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಯಿಟಿಯನ್ನು ಒಪ್ಪಿವೆ. ಎರಡು ವರ್ಷದ ಫೆಲೋ ನಿಶ್ಚಿತ ಅವಧಿಯವನಲ್ಲದೆ ಮತ್ತೇನು?

ಪ್ರಾಧ್ಯಾಪಕರ ಕಡೆಯ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಅವರ ಕೈಗೆ ಬರುವುದು ಮೂರು ವರ್ಷದ ಯೋಜನೆಗೆಂದು ಅಳೆದು ಕೊಟ್ಟ ಅನುದಾನ. ಕಂತು ತಡವಾದರೆ ಫೆಲೋನ ಪಗಾರವೂ ತಡ. ದರ ಏರಿದರೆ ಇಬ್ಬರನ್ನಿಡುವ ಕಡೆ ಒಬ್ಬನನ್ನಿಡಬೇಕಾದೀತು. ಗಲ್ಲಾದಲ್ಲಿ ಕುಳಿತವರಿಗೆ ಈ ಸಂಕಟ ಅರ್ಥವಾಗದ್ದಲ್ಲ. ಆದರೆ ಹಾಲಿನವನಿಗೆ, ಕಿರಾಣಿಯವನಿಗೆ, ಜಾಗದ ಬಾಡಿಗೆಗೆಂದು ಮೊದಲೇ ಹಣ ತೆಗೆದಿಟ್ಟು, ಹುಡುಗರ ರಜೆಯ ಪಗಾರಕ್ಕೆ ಮಾತ್ರ ಏನನ್ನೂ ತೆಗೆದಿಡದ ಹೋಟೆಲಿನ ಲೆಕ್ಕವನ್ನು ನಾವು ಲೆಕ್ಕವೆಂದು ಒಪ್ಪುವುದಿಲ್ಲ. ಯಂತ್ರಕ್ಕೆ ಹಣ ಕಾದಿಡುವ ಅನುದಾನದಲ್ಲಿ ಮನುಷ್ಯನ ಹೆರಿಗೆಗೂ ಕಾಯಿಲೆಗೂ ಬೆಲೆಯೇರಿಕೆಗೂ ಒಂದು ಬಾಬು ಇರಬೇಕು. ಅದನ್ನು ಬರೆಯಬೇಕಾದವರು ಅನುದಾನ ಕೊಡುವವರು, ಪ್ರಾಧ್ಯಾಪಕರಲ್ಲ.

ಪರದೇಶದಲ್ಲಿಯೂ ಇದು ಸುಲಭವಾಗಿ ಬಗೆಹರಿಯಲಿಲ್ಲ. ಅಮೇರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 2022ರ ನವೆಂಬರಿನಲ್ಲಿ ಸುಮಾರು 48,000 ಮಂದಿ ಸಂಶೋಧಕರೂ ಬೋಧನಾ ಸಹಾಯಕರೂ ಮುಷ್ಕರ ಹೂಡಿದರು. ಕಾರು ಕಾರ್ಖಾನೆಗಳ ಕಾರ್ಮಿಕರ ಸಂಘವೇ ಅವರ ಸಂಘ! ಪೋಸ್ಟ್ ಡಾಕ್ಟೋರಲ್ ಸಂಶೋಧಕರು ಡಿಸೆಂಬರಿನಲ್ಲಿ ವೇತನದ ಏರಿಕೆಯನ್ನೂ ಮಗು ಹುಟ್ಟಿದಾಗ ಎಂಟು ವಾರಗಳ ಪೂರ್ಣ ವೇತನದ ರಜೆಯನ್ನೂ ಕರಾರಿನಲ್ಲಿ ಬರೆಯಿಸಿಕೊಂಡರು. ಎಂಟು ವಾರ ನಮ್ಮ ಇಪ್ಪತ್ತಾರಕ್ಕಿಂತ ಎಷ್ಟೋ ಕಡಿಮೆ. ಆದರೆ ಅದು ಕರಾರಿನಲ್ಲಿದೆ, ಮಾರ್ಗದರ್ಶಕರ ಮರ್ಜಿಯಲ್ಲಿಲ್ಲ.

ಕೇಂದ್ರ ಸರಕಾರವು ಮುಂದಿನ ಜ್ಞಾಪನ ಪತ್ರವನ್ನು ಹೊರಡಿಸುವಾಗ ಈ ದರವನ್ನು ತುಟ್ಟಿಭತ್ತೆಯಂತೆ ಬೆಲೆಸೂಚಿಗೆ ಜೋಡಿಸಬೇಕೆಂದೂ, ರಜೆಯ ದಿನಗಳನ್ನು ಅಂಕೆಯಲ್ಲಿ ಬರೆಯಬೇಕೆಂದೂ, ಹೆರಿಗೆ ರಜೆಯಲ್ಲಿ ಕಳೆದ ತಿಂಗಳುಗಳನ್ನು ನೇಮಕದ ಅವಧಿಗೆ ಸೇರಿಸಿಕೊಡಬೇಕೆಂದೂ, ಅನುದಾನದ ಕಂತು ಬರಲಿ ಬಿಡಲಿ ಸಂಸ್ಥೆಯು ತಿಂಗಳ ಮೊದಲ ವಾರದಲ್ಲಿ ಪಗಾರ ಕೊಡುವಂತೆ ವಿಧಿಸಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ. ಮುಂಬಯಿಯಿಂದ ಲೋಕಸಭೆಗೆ ಹೋದವರ ಬಳಿಗೆ ನಮ್ಮ ಸಂಘ ಸಂಸ್ಥೆಗಳು ಭವನದ ಜಾಗ ಕೇಳಲು ಹೋಗುವಾಗ ಈ ಮಾತನ್ನೂ ಒಂದಿಷ್ಟು ಕಿವಿಗೆ ಹಾಕಿದರೆ ನಷ್ಟವೇನೂ ಇಲ್ಲ.

ನಮ್ಮ ಕಛೇರಿಗೆ ಬಂದ ಹಿರಿಯರಿಗೆ ನಾವು ಹೇಳಿದುದಿಷ್ಟೇ: ಇದು ನೌಕರಿಯೇ, ಹಾಗೆಂದೇ ಹೇಳಿರಿ, ಓದುತ್ತಾ ಕುಳಿತ ಹುಡುಗಿ ಎಂದು ಯಾರ ಮುಂದೆಯೂ ಹೇಳಬೇಡಿರಿ. ಇಂಥ ಕಾಗದ ಬಂದಿರುವ ಇತರ ಮನೆಗಳವರಿಗೂ ಒಂದು ಮಾತು. ಸಹಿ ಹಾಕುವ ಮುನ್ನ ಮಕ್ಕಳು ಸಂಸ್ಥೆಗೆ ಪತ್ರ ಬರೆದು ಕೇಳಲಿ: ವರ್ಷಕ್ಕೆ ಎಷ್ಟು ದಿನ ರಜೆ, ಅದನ್ನು ಮಂಜೂರು ಮಾಡುವವರಾರು, ಮನೆಬಾಡಿಗೆ ಭತ್ತೆ ಉಂಟೇ, ಆಸ್ಪತ್ರೆಯ ಖರ್ಚು ಯಾರದು, ಅನುದಾನ ತಡವಾದ ತಿಂಗಳು ಪಗಾರ ಎಲ್ಲಿಂದ, ಕೆಲಸ ಬಿಡುವುದಾದರೆ ಅಥವಾ ಬಿಡಿಸುವುದಾದರೆ ಎಷ್ಟು ದಿನಗಳ ನೋಟೀಸು. ಉತ್ತರವನ್ನು ಬರಹದಲ್ಲಿಯೇ ಪಡೆದು ನೇಮಕ ಪತ್ರದ ಜೊತೆಗೆ ಜೋಪಾನವಾಗಿ ಇಟ್ಟುಕೊಳ್ಳಲಿ.